ಬಾಡಿಗೆ ಒಬ್ಬರದು, ನಷ್ಟ ಯಾರದು? ಮಂಡ್ಯದ ಒಂದು ಬೆಲ್ಲದ ಕಂಟೇನರ್‌ನ ಪ್ರಕರಣ

ಈ ಪ್ರಕರಣದ ಕಡತ ನನ್ನ ಕೈಗೆ ಬಂದದ್ದು 2024ರ ಮಾರ್ಚ್ ಕೊನೆಯಲ್ಲಿ, ಮಾಲು ಕೆಟ್ಟ ಮೇಲೆ. ಮೈಸೂರಿನಲ್ಲಿ ಕುಳಿತು ಸಣ್ಣ ರಫ್ತುದಾರರ ಕಾಗದಪತ್ರ ನೋಡಿಕೊಡುವುದು ನನ್ನ ಕೆಲಸ. ಅಗರಬತ್ತಿ, ಮಸಾಲೆ, ಸಿದ್ಧ ಉಡುಪು, ಆಗಾಗ ಮಂಡ್ಯ ಕಡೆಯ ಬೆಲ್ಲ. ಸರಕು ಸಾಗಣೆಯ ನಿಯಮಗಳು ಒಂದು ಮನೆತನದ ವ್ಯಾಪಾರವನ್ನು ಎಷ್ಟು ಹತ್ತಿರದಿಂದ ಮುಟ್ಟುತ್ತವೆ ಎಂಬುದು ಇಷ್ಟು ಸ್ಪಷ್ಟವಾಗಿ ಕಂಡ ಕಡತ ಇನ್ನೊಂದು ನನ್ನ ಬಳಿ ಇಲ್ಲ. ಕುಟುಂಬದ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಊರು, ಹೆಸರು, ಹಡಗು, ಬ್ಯಾಂಕು ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗದಿರಲೆಂದು ತಾರೀಕುಗಳನ್ನು ಒಂದೆರಡು ದಿನ, ಮೊತ್ತಗಳನ್ನು ಕೊಂಚ ಅತ್ತಿತ್ತ ಮಾಡಿದ್ದೇನೆ. ಉಳಿದದ್ದೆಲ್ಲ ನಡೆದ ಹಾಗೆಯೇ ಇದೆ.

ಹಿನ್ನೆಲೆ

ವಿ.ಸಿ. ನಾಲೆಯ ನೀರು ಹರಿಯುವ ಒಂದು ಊರು. ಮೂರು ತಲೆಮಾರಿನಿಂದ ಆಲೆಮನೆ ನಡೆಸಿದ ಮನೆ. ಯಜಮಾನರಿಗೆ ಅರವತ್ತು ದಾಟಿದೆ. ಕೊಪ್ಪರಿಗೆಯ ಪಾಕವನ್ನು ಬೆರಳಲ್ಲಿ ಹಿಡಿದು ಹದ ಹೇಳುವವರು. ಮಗ ಗಾಣ ಮತ್ತು ಕಬ್ಬಿನ ವ್ಯವಹಾರ ನೋಡುತ್ತಾರೆ. ಬಿ.ಕಾಂ. ಓದಿದ ಸೊಸೆ ಲೆಕ್ಕ, ಬ್ಯಾಂಕು, ಮೇಲ್ ನೋಡುತ್ತಾರೆ. ಐದಾರು ವರ್ಷದ ಹಿಂದೆ ಹಳೇ ಆಲೆಮನೆಯ ಪಕ್ಕದಲ್ಲೇ ಒಂದು ಪ್ಯಾಕಿಂಗ್ ಶೆಡ್ ಹಾಕಿ, ಅಚ್ಚು ಬೆಲ್ಲವನ್ನು ಒಂದು ಕಿಲೋ ಪೊಟ್ಟಣಗಳಲ್ಲಿ ಕೊಲ್ಲಿ ದೇಶಗಳಿಗೆ ಕಳಿಸಲು ಶುರುಮಾಡಿದ್ದರು. ಅದು ಹತ್ತು ಹನ್ನೆರಡು ದಿನದ ಸಮುದ್ರಯಾನ. ಒಂದು ಪೊಟ್ಟಣವೂ ವಾಪಸ್ ಬಂದಿರಲಿಲ್ಲ.

2023ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಒಬ್ಬ ಆಮದುದಾರರು ವಿಚಾರಿಸಿದರು. ಅಲ್ಲಿನ ದಕ್ಷಿಣ ಭಾರತೀಯ ಅಂಗಡಿಗಳಿಗೆ ಸರಕು ಒದಗಿಸುವವರು. 2024ರ ಯುಗಾದಿ ಏಪ್ರಿಲ್ 9ಕ್ಕೆ. ಬೇವು-ಬೆಲ್ಲಕ್ಕೂ ಒಬ್ಬಟ್ಟಿಗೂ ಮಾಲು ಮಾರ್ಚ್ ಮೊದಲ ವಾರದಲ್ಲಿ ಅಂಗಡಿಯಲ್ಲಿರಬೇಕು ಎಂಬುದು ಅವರ ಬೇಡಿಕೆ. ಇಪ್ಪತ್ತು ಅಡಿಯ ಒಂದು ಕಂಟೇನರ್, ಹದಿನೆಂಟು ಟನ್, ಇಪ್ಪತ್ತು ಕಿಲೋದ ಒಂಬೈನೂರು ರಟ್ಟಿನ ಪೆಟ್ಟಿಗೆ.

ಅದೇ ತಿಂಗಳು ಸಕ್ಕರೆ ರಫ್ತಿನ ನಿರ್ಬಂಧ ಮುಂದುವರಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಊರಲ್ಲಿ ಎಲ್ಲರೂ "ಇನ್ನು ಬೆಲ್ಲಾನೂ ಹೋಗಲ್ಲ" ಎಂದು ಹೆದರಿಸಿದರು. ಆ ಆತಂಕಕ್ಕೆ ಕಾರಣವಿತ್ತು. ಸಕ್ಕರೆ, ಬೆಲ್ಲ ಎರಡೂ ಸುಂಕದ ಪಟ್ಟಿಯಲ್ಲಿ 1701 ಎಂಬ ಒಂದೇ ಶೀರ್ಷಿಕೆಯಡಿ ಬರುತ್ತವೆ. ಆದರೆ 2022ರ ಜೂನ್‌ನಿಂದ ಜಾರಿಯಲ್ಲಿದ್ದ ಆ ನಿರ್ಬಂಧ ಕಚ್ಚಾ, ಬಿಳಿ, ಸಂಸ್ಕರಿಸಿದ ಮತ್ತು ಸಾವಯವ ಸಕ್ಕರೆಗೆ. ಕಬ್ಬಿನ ಬೆಲ್ಲಕ್ಕೆ ಬೇರೆಯದೇ ಎಂಟು ಅಂಕಿಯ ಸಂಕೇತ ಇದೆ. ಶಿಪ್ಪಿಂಗ್ ಬಿಲ್ಲಿನಲ್ಲಿ ಆ ಸಂಕೇತವನ್ನೂ ವಿವರಣೆಯನ್ನೂ ಸರಿಯಾಗಿ ಬರೆಸಿದ್ದರಿಂದ ಕಸ್ಟಮ್ಸ್‌ನಲ್ಲಿ ತೊಂದರೆಯಾಗಲಿಲ್ಲ. ಎಲ್ಲರೂ ಹೆದರಿದ್ದ ಕಡೆ ಏನೂ ಆಗದೆ, ಯಾರೂ ನೋಡದ ಕಡೆ ಪೆಟ್ಟು ಬಿತ್ತು.

ಮೂರಕ್ಷರ ಬದಲಾದ ಸಂಜೆ

ಮೊದಲು ಕೊಟ್ಟ ದರ ಎಫ್‌ಒಬಿ ಚೆನ್ನೈ. ಅಂದರೆ ಚೆನ್ನೈ ಬಂದರಿನಲ್ಲಿ ಹಡಗಿಗೆ ಏರಿಸುವವರೆಗೆ ಖರ್ಚೂ ಹೊಣೆಯೂ ಮಾರುವವರದು. ಆಮದುದಾರರು "ನಮ್ಮ ಬಂದರಿಗೆ ತಲುಪಿಸುವ ದರ ಹೇಳಿ, ಸಿಐಎಫ್ ಫೆಲಿಕ್ಸ್‌ಟೋ" ಎಂದು ಮರು ಮೇಲ್ ಹಾಕಿದರು. ಸೊಸೆ ಆ ಸಂಜೆಯೇ, ಹಡಗಿನಲ್ಲಿ ಜಾಗ ಗೊತ್ತುಮಾಡಿಕೊಡುವ ಫಾರ್ವರ್ಡರ್‌ಗೆ ಫೋನ್ ಮಾಡಿ ಹಡಗಿನ ಬಾಡಿಗೆ ಕೇಳಿದರು: ಸುಮಾರು 950 ಡಾಲರ್. ಇನ್ಶೂರೆನ್ಸ್ ಏಜೆಂಟರನ್ನು ಕೇಳಿದರು: ಚಿಲ್ಲರೆ ಮೊತ್ತ. ಎರಡನ್ನೂ ಮೊದಲಿನ ಎಫ್‌ಒಬಿ ದರಕ್ಕೆ ಕೂಡಿಸಿ, ಬೆಲ್ಲಕ್ಕೆ ಟನ್ನಿಗೆ 1,050 ಡಾಲರ್ ಎಂದು ಬರೆದು ಕಳಿಸಿದರು. ಒಪ್ಪಂದದ ಹಾಳೆಯಲ್ಲಿ ಉಳಿದದ್ದು "ಸಿಐಎಫ್ ಫೆಲಿಕ್ಸ್‌ಟೋ" ಎಂಬ ಎರಡೇ ಪದ. ಯಾವ ವರ್ಷದ ಇನ್‌ಕೋಟರ್ಮ್ಸ್, ಯಾವ ಮಟ್ಟದ ವಿಮೆ, ಬಾಡಿಗೆ ಏರಿದರೆ ಯಾರು ಕೊಡಬೇಕು, ಒಂದನ್ನೂ ಬರೆಯಲಿಲ್ಲ.

ನನ್ನ ಅಭಿಪ್ರಾಯದಲ್ಲಿ ಪ್ರಕರಣದ ಬೇರು ಇಲ್ಲಿದೆ, ಹಾಗಾಗಿ ಕೊಂಚ ನಿಂತು ಹೇಳುತ್ತೇನೆ.

ಇನ್‌ಕೋಟರ್ಮ್ಸ್ ಎಂಬುದು ಪ್ಯಾರಿಸ್‌ನ ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿ 1936ರಲ್ಲಿ ಮೊದಲು ಹೊರತಂದ ನಿಯಮಾವಳಿ. ಈಗ ಚಾಲ್ತಿಯಲ್ಲಿರುವುದು 2020ರ ಆವೃತ್ತಿ. ಒಟ್ಟು ಹನ್ನೊಂದು ಷರತ್ತುಗಳು. ಏಳು ಯಾವುದೇ ಸಾರಿಗೆಗೆ ಸಲ್ಲುತ್ತವೆ, ನಾಲ್ಕು ಜಲಮಾರ್ಗಕ್ಕೆ ಮಾತ್ರ. ಎಫ್‌ಒಬಿ, ಸಿಐಎಫ್ ಈ ನಾಲ್ಕರ ಸಾಲಿನವು. ಪ್ರತಿ ಷರತ್ತೂ ಎರಡು ಬೇರೆ ಪ್ರಶ್ನೆಗಳಿಗೆ ಉತ್ತರ ಹೇಳುತ್ತದೆ. ಎಲ್ಲಿಯವರೆಗಿನ ಖರ್ಚು ಮಾರುವವರದು? ಯಾವ ಜಾಗದಿಂದಾಚೆ ಮಾಲಿಗೆ ಏನಾದರೂ ಆದರೆ ಅದು ಕೊಳ್ಳುವವರ ತಲೆಗೆ? ಎಫ್‌ಒಬಿಯಲ್ಲಿ ಎರಡಕ್ಕೂ ಉತ್ತರ ಒಂದೇ ಜಾಗ. ಸಿಐಎಫ್‌ನಲ್ಲಿ ಹಾಗಲ್ಲ. ಬಾಡಿಗೆಯನ್ನು ಮಾರುವವರು ಫೆಲಿಕ್ಸ್‌ಟೋವರೆಗೆ ಕಟ್ಟುತ್ತಾರೆ, ವಿಮೆಯನ್ನೂ ಮಾಡಿಸುತ್ತಾರೆ. ಅಪಾಯದ ಹೊಣೆ ಮಾತ್ರ ಚೆನ್ನೈನಲ್ಲಿ ಮಾಲು ಹಡಗೇರಿದ ಕ್ಷಣವೇ ಕೊಳ್ಳುವವರಿಗೆ ದಾಟಿಬಿಡುತ್ತದೆ.

ಇದು ನಮ್ಮ ಕಡೆಯ ಲಾರಿ ವ್ಯವಹಾರಕ್ಕೆ ತೀರ ಹೊರತಾದ ಲೆಕ್ಕ. ಯಜಮಾನರು ನನಗೆ ಹೇಳಿದ ಮಾತು ಇದು: "ಬಾಡ್ಗೆ ನಾವ್ ಕೊಟ್ಟೀವಿ ಅಂದ್ಮೇಲೆ ಮಾಲು ಅಲ್ಲಿ ಇಳಿಯೋಗಂಟ ನಮ್ದೇ ಕಣಪ್ಪ. ಇನ್ನೇನು ನ್ಯಾಯ ಐತೆ?" ಮಂಡ್ಯದ ಎಪಿಎಂಸಿ ಅಂಗಳದಲ್ಲಿ ಆ ನ್ಯಾಯವೇ ನಡೆಯುತ್ತದೆ. ಇಂಗ್ಲೆಂಡಿನ ಆಮದುದಾರರ ಮನಸ್ಸಿನಲ್ಲೂ ಇದೇ ಇತ್ತೆಂದು ಅವರ ಮೇಲ್‌ಗಳನ್ನು ಓದಿದರೆ ತಿಳಿಯುತ್ತದೆ. ಇಬ್ಬರಿಗೂ ಒಂದೇ ತಪ್ಪು ಕಲ್ಪನೆ ಇದ್ದದ್ದರಿಂದ ಐದು ತಿಂಗಳು ಯಾರಿಗೂ ಅನುಮಾನ ಬರಲಿಲ್ಲ.

ಇನ್ನೊಂದು ಮಾತು. ಕಂಟೇನರ್‌ನಲ್ಲಿ ಹೋಗುವ ಮಾಲಿಗೆ ಎಫ್‌ಒಬಿಯಾಗಲಿ ಸಿಐಎಫ್ ಆಗಲಿ ಹೊಂದುವುದೇ ಇಲ್ಲ ಎಂದು ನಿಯಮಾವಳಿಯ ವಿವರಣೆಯೇ ಹೇಳುತ್ತದೆ. ಕಾರಣ ಸರಳ. ನಮ್ಮ ಕಂಟೇನರ್ ಹಡಗಿಗೆ ಏರುವ ಮೊದಲು ಬಂದರಿನ ಅಂಗಳದಲ್ಲಿ ದಿನಗಟ್ಟಲೆ ನಿಂತಿರುತ್ತದೆ. ಅದು ಆಗ ನಮ್ಮ ಕೈಲಿಲ್ಲ, ಆದರೆ ಹೊಣೆ ಮಾತ್ರ ನಮ್ಮದೇ. ಅದಕ್ಕಾಗಿಯೇ ಸಾಗಣೆದಾರರ ಕೈಗೆ ಒಪ್ಪಿಸಿದ ಜಾಗದಲ್ಲೇ ಹೊಣೆ ದಾಟುವ ಎಫ್‌ಸಿಎ, ಸಿಪಿಟಿ, ಸಿಐಪಿ ಎಂಬ ಷರತ್ತುಗಳಿವೆ. ರೂಢಿಯಲ್ಲಿ ಎಲ್ಲರೂ ಎಫ್‌ಒಬಿ, ಸಿಐಎಫ್ ಎಂದೇ ಬರೆಯುತ್ತಾರೆ. ನನ್ನ ಬಳಿ ಬರುವ ಹತ್ತರಲ್ಲಿ ಎಂಟು ಒಪ್ಪಂದಗಳು ಹಾಗೆಯೇ ಇರುತ್ತವೆ, ಮತ್ತು ಪ್ರತಿ ಸಲ ನನಗೆ ಸಂಕಟವಾಗುತ್ತದೆ.

ಹಡಗುಗಳು ಕೆಂಪು ಸಮುದ್ರ ಬಿಟ್ಟಾಗ

2023ರ ನವೆಂಬರ್ 19ರಂದು ಯೆಮೆನ್‌ನ ಹೂಥಿಗಳು ಗ್ಯಾಲಕ್ಸಿ ಲೀಡರ್ ಎಂಬ ಹಡಗನ್ನು ಕೆಂಪು ಸಮುದ್ರದಲ್ಲಿ ಹಿಡಿದರು. ಡಿಸೆಂಬರ್ ಮಧ್ಯದ ಹೊತ್ತಿಗೆ ದೊಡ್ಡ ಕಂಟೇನರ್ ಲೈನ್‌ಗಳು, ಅಂದರೆ ಹಡಗು ಕಂಪನಿಗಳು, ಒಂದರ ಹಿಂದೆ ಒಂದು ಸೂಯೆಜ್ ದಾರಿ ಬಿಟ್ಟು, ಆಫ್ರಿಕಾದ ತುದಿಯ ಗುಡ್ ಹೋಪ್ ಭೂಶಿರ ಸುತ್ತಿ ಹೋಗುವುದಾಗಿ ಪ್ರಕಟಿಸಿದವು. ಮೂರು ಸಾವಿರ ನಾಟಿಕಲ್ ಮೈಲಿಗೂ ಮೀರಿದ ಸುತ್ತು. ಹತ್ತರಿಂದ ಹದಿನಾಲ್ಕು ದಿನ ಹೆಚ್ಚು. ಹಡಗುಗಳು ತಡವಾಗಿ ಮರಳಿದ್ದರಿಂದ ಖಾಲಿ ಕಂಟೇನರ್‌ಗಳಿಗೂ ಬರ ಬಂತು. ಬಾಡಿಗೆಯ ಮೇಲೆ ಸರ್ಚಾರ್ಜ್, ಅದರ ಮೇಲೆ ಇನ್ನೊಂದು ಸರ್ಚಾರ್ಜ್.

ಡಿಸೆಂಬರ್ ಕೊನೆಗೆ ಫಾರ್ವರ್ಡರ್ ಹೇಳಿದ ಹೊಸ ಮೊತ್ತ 2,700 ಡಾಲರ್.

ಮನೆಯಲ್ಲಿ ಮೂರು ದಿನ ಚರ್ಚೆ ನಡೆಯಿತು. ಮಗನ ವಾದ: ಇದು ಯುದ್ಧದಂಥ ಪರಿಸ್ಥಿತಿ, ಒಪ್ಪಂದ ರದ್ದು ಎನ್ನೋಣ. ಆದರೆ ದಾರಿ ಮುಚ್ಚಿರಲಿಲ್ಲ, ಉದ್ದವಾಗಿತ್ತು ಅಷ್ಟೆ. ಖರ್ಚು ಹೆಚ್ಚಾಯಿತೆಂಬ ಕಾರಣಕ್ಕೆ ಒಪ್ಪಂದದಿಂದ ಹೊರಬರಲು ಸಾಮಾನ್ಯವಾಗಿ ಆಗುವುದಿಲ್ಲ; ಅವರ ಹಾಳೆಯಲ್ಲಿ ಅಂಥ ಅನಿವಾರ್ಯ ಸಂದರ್ಭದ ಕಲಮೂ ಇರಲಿಲ್ಲ. ಸೊಸೆ ಹೆಚ್ಚಿನ ಬಾಡಿಗೆಯಲ್ಲಿ ಅರ್ಧ ಹೊರಲು ಆಮದುದಾರರನ್ನು ಕೇಳಿದರು. "ಸಿಐಎಫ್ ಅಂದರೆ ಬಾಡಿಗೆ ನಿಮ್ಮದು" ಎಂದು ಒಂದೇ ಸಾಲಿನ ಉತ್ತರ ಬಂತು. ಅದು ಕಠಿಣವಾಗಿತ್ತು, ಆದರೆ ತಪ್ಪಾಗಿರಲಿಲ್ಲ. ಕಳಿಸದೆ ಉಳಿದರೆ ಹೊಸ ಗಿರಾಕಿ ಕೈಬಿಡುತ್ತಾರೆ ಎಂದು ಯಜಮಾನರು ಕಳಿಸುವ ತೀರ್ಮಾನ ಮಾಡಿದರು. ಆ ಗಳಿಗೆಯಲ್ಲೇ ಲಾಭ ಪೂರ್ತಿ ಕರಗಿತ್ತು.

ಇಲ್ಲಿ ಒಂದು ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಬಾಡಿಗೆ ಎಷ್ಟು ಹೆಚ್ಚಾಯಿತು ಎಂದು ಎಲ್ಲರೂ ಲೆಕ್ಕ ಹಾಕಿದರು. ಹದಿನಾಲ್ಕು ದಿನ ಹೆಚ್ಚು, ಅದೂ ಭೂಮಧ್ಯರೇಖೆ ದಾಟಿ ಮತ್ತೆ ಉತ್ತರಕ್ಕೆ ಚಳಿಯೊಳಗೆ ಹೋಗುವ ಹಾದಿಯಲ್ಲಿ ಬೆಲ್ಲ ಏನಾಗುತ್ತದೆ ಎಂದು ಲೆಕ್ಕ ಹಾಕಲಿಲ್ಲ. ಕೊಲ್ಲಿಗೆ ಹೋಗುವ ಪ್ಯಾಕಿಂಗ್‌ನಲ್ಲೇ ಇಂಗ್ಲೆಂಡಿಗೂ ತುಂಬಿದರು.

ಹಿಂದಿನ ತಾರೀಕು

ಜನವರಿ 4ರಂದು ಶೆಡ್ಡಿನಲ್ಲೇ ಸ್ಟಫಿಂಗ್, ಅಂದರೆ ಕಂಟೇನರ್ ತುಂಬುವ ಕೆಲಸ, ಆಯಿತು. ಕಂಟೇನರ್‌ಗೆ ಇ-ಸೀಲ್ ಹಾಕಿ, 2016ರ ಜುಲೈನಿಂದ ಕಡ್ಡಾಯವಾಗಿರುವ ತೂಕದ ದೃಢೀಕರಣ ಕೊಟ್ಟು, ಬೆಂಗಳೂರು ಮೇಲೆ ಚೆನ್ನೈಗೆ ಕಳಿಸಿದರು. ಎಲ್‌ಸಿಯ (ದಾಖಲೆಗಳು ಸರಿಯಿದ್ದರೆ ಹಣ ಕೊಡುತ್ತೇವೆಂದು ಆಮದುದಾರರ ಬ್ಯಾಂಕ್ ಬರೆದುಕೊಡುವ ಪತ್ರ) ಪ್ರಕಾರ ಹಡಗೇರಲು ಕೊನೆಯ ದಿನ ಜನವರಿ 12. ಬುಕ್ಕಿಂಗ್ ಇದ್ದದ್ದು 9ರ ಹಡಗಿಗೆ. ಜಾಗವಿಲ್ಲವೆಂದು ಲೈನ್ ಆ ಕಂಟೇನರನ್ನು ಮುಂದಿನ ಹಡಗಿಗೆ ತಳ್ಳಿತು. ಆ ಹಡಗು 22ಕ್ಕೆ.

ಫಾರ್ವರ್ಡರ್ ಕಚೇರಿಯಿಂದ ಫೋನ್ ಬಂತು. "ಮೇಡಂ, ಹನ್ನೊಂದನೇ ತಾರೀಕಿಗೆ ಆನ್‌ಬೋರ್ಡ್ ಅಂತ ಬಿಎಲ್ ಮಾಡಿಸಿಬಿಡ್ತೀನಿ. ಒಂದು ಇಂಡೆಮ್ನಿಟಿ ಲೆಟರ್ ಕೊಟ್ರೆ ಸಾಕು. ಎಲ್ರೂ ಮಾಡೋದೇ."

ಸೊಸೆ ಹೇಳಿದ್ದು: "ಲೆಟರ್‌ಗೆ ಸಹಿ ಹಾಕ್ಬೇಕಾದೋರು ನಮ್ಮ ಮಾವನೋರು. ಹೊರಡದೇ ಇರೋ ಹಡಗು ಹೊರಟೈತೆ ಅಂತ ಅವ್ರ ಕೈಲಿ ಬರೆಸೋಕೆ ನನ್ನಿಂದ ಆಗಲ್ಲ ಸಾರ್."

ಈ ಪ್ರಕರಣದಲ್ಲಿ ಎಲ್ಲಕ್ಕಿಂತ ದೊಡ್ಡ ತಿರುವು ಇದು ಎಂದು ನಾನು ನಂಬಿದ್ದೇನೆ. ಬಿಎಲ್ ಎಂದರೆ ಬಿಲ್ ಆಫ್ ಲೇಡಿಂಗ್, ಮಾಲು ಪಡೆದದ್ದಕ್ಕೆ ಲೈನ್ ಕೊಡುವ ರಸೀದಿ. ಅದರಲ್ಲಿರುವ ಆನ್‌ಬೋರ್ಡ್ ತಾರೀಕನ್ನು, ಅಂದರೆ ಮಾಲು ಹಡಗೇರಿದ ದಿನವನ್ನು, ನೋಡಿಯೇ ಬ್ಯಾಂಕ್ ಹಣ ಬಿಡುಗಡೆ ಮಾಡುತ್ತದೆ. ಎಲ್‌ಸಿಗಳನ್ನು ಆಳುವ ಯುಸಿಪಿ 600ರ ಪ್ರಕಾರ ಬ್ಯಾಂಕುಗಳು ವ್ಯವಹರಿಸುವುದು ದಾಖಲೆಗಳೊಂದಿಗೆ. ಮಾಲು ಹೇಗಿದೆ ಎಂಬುದು ಅವುಗಳಿಗೆ ಸಂಬಂಧಿಸಿದ್ದಲ್ಲ. ದಾಖಲೆಯೇ ಸುಳ್ಳಾದರೆ ಆ ವ್ಯವಸ್ಥೆಯೊಳಗೆ ಅದಕ್ಕೆ ವಂಚನೆ ಎಂಬ ಒಂದೇ ಹೆಸರು. ತೊಂದರೆಯಾದರೆ ನಷ್ಟ ನಾವೇ ತುಂಬುತ್ತೇವೆ ಎಂದು ಬರೆದುಕೊಡುವ ಅಂಥ ಇಂಡೆಮ್ನಿಟಿ ಪತ್ರವೂ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ.

ಬದಲಿಗೆ ಅವರು ಆಮದುದಾರರಿಗೆ ಇದ್ದದ್ದನ್ನು ಇದ್ದ ಹಾಗೆ ಬರೆದರು. ಕಂಟೇನರ್ ಅಂಗಳದಲ್ಲಿ ನಿಂತಿದೆ, ಹಡಗು 22ಕ್ಕೆ, ಎಲ್‌ಸಿ ತಿದ್ದುಪಡಿ ಮಾಡಿಸಿಕೊಡಿ, ಬ್ಯಾಂಕ್ ಶುಲ್ಕ ನಾವು ಕೊಡುತ್ತೇವೆ. ಎರಡು ದಿನ ಉತ್ತರವಿಲ್ಲ. ಮೂರನೇ ದಿನ ತಿದ್ದುಪಡಿ ಬಂತು: ಕೊನೆಯ ದಿನ ಜನವರಿ 31. ಆಮದುದಾರರು ಹಡಗಿನ ಚಲನೆಯನ್ನು ಅಂತರಜಾಲದಲ್ಲಿ ದಿನವೂ ನೋಡುತ್ತಿದ್ದರು ಎಂಬುದು ನಮಗೆ ತಿಳಿದದ್ದು ಎರಡು ತಿಂಗಳ ನಂತರ.

ಜನವರಿ 22ಕ್ಕೆ ಹಡಗೇರಿತು. ಹಡಗೇರಿದ 21 ದಿನದೊಳಗೆ ದಾಖಲೆ ಸಲ್ಲಿಸಬೇಕೆಂಬುದು ಯುಸಿಪಿಯ ಮಿತಿ. ಇವರು ಒಂದು ವಾರದಲ್ಲೇ ಸಲ್ಲಿಸಿದರು. ಫೆಬ್ರವರಿಯಲ್ಲಿ ಹಣ ಬಂತು. ಮನೆಯವರು ನಿಟ್ಟುಸಿರು ಬಿಟ್ಟರು.

ಪೆಟ್ಟಿಗೆ ಬಿಚ್ಚಿದಾಗ

ಕೊಲಂಬೊದಲ್ಲಿ ಹಡಗು ಬದಲಾಗಿ, ಭೂಶಿರ ಸುತ್ತಿ, ಐವತ್ತೆರಡನೇ ದಿನ, ಮಾರ್ಚ್ 14ಕ್ಕೆ ಕಂಟೇನರ್ ಫೆಲಿಕ್ಸ್‌ಟೋದಲ್ಲಿ ಇಳಿಯಿತು. ಒಂಬೈನೂರರಲ್ಲಿ ಇನ್ನೂರ ಮೂವತ್ತು ಪೆಟ್ಟಿಗೆ ಒದ್ದೆ. ಕೆಲವು ಪೊಟ್ಟಣಗಳಲ್ಲಿ ಅಚ್ಚು ಕರಗಿ ತಳದಲ್ಲಿ ಜೋನಿ ಬೆಲ್ಲದಂತೆ ನಿಂತಿತ್ತು. ಕೆಲವಕ್ಕೆ ಬೂಷ್ಟು. ಫೋಟೋಗಳನ್ನು ನೋಡಿದ ಯಜಮಾನರು ಆ ರಾತ್ರಿ ಊಟ ಮಾಡಲಿಲ್ಲ ಎಂದು ಸೊಸೆ ಹೇಳಿದರು. ಆಮದುದಾರರ ಬೇಡಿಕೆ: ಮೊತ್ತದ ಶೇ 40 ವಾಪಸ್ ಕೊಡಿ.

ಆಗ ಅವರು ನನ್ನ ಬಳಿ ಬಂದರು.

ಸಿಐಎಫ್‌ನಲ್ಲಿ ಹೊಣೆ ಚೆನ್ನೈನಲ್ಲೇ ದಾಟುತ್ತದೆ ಎಂದು ನಾನು ವಿವರಿಸಿದಾಗ ಮಗನ ಮುಖ ಅರಳಿತು. "ಹಂಗಾದ್ರೆ ನಾವ್ ಒಂದ್ ರೂಪಾಯಿನೂ ಕೊಡ್ಬೇಕಾಗಿಲ್ಲ." ನಾನು ಅಲ್ಲೇ ತಡೆಯಬೇಕಾಯಿತು. ಹೊಣೆ ದಾಟುತ್ತದೆ ನಿಜ. ಆದರೆ ಆ ಪ್ರಯಾಣಕ್ಕೆ ತಕ್ಕ ಹಾಗೆ ಮಾಲನ್ನು ಕಟ್ಟಿಕೊಡುವ ಕರ್ತವ್ಯ ಎಲ್ಲ ಷರತ್ತುಗಳಲ್ಲೂ ಮಾರುವವರದೇ. ಹಡಗಿನಲ್ಲಿ ನಡೆದ ಅಪಘಾತದಿಂದ ಕೆಟ್ಟರೆ ಕೊಳ್ಳುವವರ ನಷ್ಟ. ಶೆಡ್ಡಿನಲ್ಲಿ ತುಂಬಿದಾಗಲೇ ಕೆಡುವ ಕಾರಣ ಒಳಗಿದ್ದರೆ ಅದು ನಮ್ಮದು. ಆದ್ದರಿಂದ ಪ್ರಶ್ನೆ ಒಂದೇ: ಈ ನೀರು ಎಲ್ಲಿಂದ ಬಂತು?

ವಿಮಾ ಕಂಪನಿ ಅಲ್ಲಿ ನೇಮಿಸಿದ ಸರ್ವೇಯರ್ ಒದ್ದೆ ರಟ್ಟಿನ ಮೇಲೆ ಬೆಳ್ಳಿ ನೈಟ್ರೇಟ್ ದ್ರಾವಣ ಹಾಕಿ ನೋಡಿದರು. ಸಮುದ್ರದ ಉಪ್ಪುನೀರಾಗಿದ್ದರೆ ಹಾಲಿನಂತೆ ಬೆಳ್ಳಗಾಗಬೇಕು. ಆಗಲಿಲ್ಲ. ಕಂಟೇನರ್‌ಗೆ ತೂತಿರಲಿಲ್ಲ, ಬಾಗಿಲಿನ ರಬ್ಬರ್ ಸರಿಯಿತ್ತು. ಒದ್ದೆಯಾದದ್ದು ಮೇಲಿನ ಸಾಲು ಮತ್ತು ಗೋಡೆಗೆ ತಾಗಿದ ಪೆಟ್ಟಿಗೆಗಳು, ನಡುವಿನವು ಒಣಗಿದ್ದವು. ಈ ವಿನ್ಯಾಸ ಕಂಡರೆ ಅನುಭವಸ್ಥರು ಹೇಳುವುದು ಒಂದೇ, ಕಂಟೇನರ್ ಮಳೆ. ಒಳಗಿನ ಬಿಸಿ ಗಾಳಿಯಲ್ಲಿದ್ದ ತೇವ, ಹೊರಗಿನ ಚಳಿಗೆ ತಣ್ಣಗಾದ ಚಾವಣಿಗೆ ತಾಗಿ, ಹನಿಯಾಗಿ ಮಾಲಿನ ಮೇಲೇ ಸುರಿಯುವುದು. ನಮ್ಮ ಹಳ್ಳಿಮನೆಗಳಲ್ಲಿ ಅನ್ನದ ತಪ್ಪಲೆಯ ಮುಚ್ಚಳ ತೆಗೆದಾಗ ಒಳಮೈಯಿಂದ ನೀರು ಇಳಿಯುತ್ತದಲ್ಲ, ಅದೇ.

ಆ ತೇವ ಒಳಗೆ ಹೋದದ್ದು ಹೇಗೆ? ಸ್ಟಫಿಂಗ್ ದಿನದ ಫೋಟೋಗಳನ್ನು ಸೊಸೆ ಇಟ್ಟಿದ್ದರು, ಅದರಿಂದ ತುಂಬ ಉಪಕಾರವಾಯಿತು. ಅವರ ಜೊತೆ ಕುಳಿತು ಒಂದೊಂದನ್ನೇ ನೋಡಿದೆ.

ಮೊದಲನೆಯದು ಬೆಲ್ಲವೇ. ಆರ್ಡರ್ ಪೂರೈಸುವ ಅವಸರದಲ್ಲಿ ಕೊನೆಯ ನಾಲ್ಕು ದಿನದ ಪಾಕವನ್ನು ಹದಕ್ಕೆ ಮುಂಚೆಯೇ ಇಳಿಸಿದ್ದರು. ಅಚ್ಚು ಬೆಲ್ಲದ ಪಾಕ ಸುಮಾರು 118 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಒಂದೆರಡು ಡಿಗ್ರಿ ಕಡಿಮೆಯಾದರೂ ಒಳಗೆ ನೀರು ಉಳಿಯುತ್ತದೆ. ಅದರ ಮೇಲೆ ಬೆಲ್ಲದಲ್ಲಿರುವ ಫ್ರಕ್ಟೋಸ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಎರಡನೆಯದು ರಟ್ಟಿನ ಪೆಟ್ಟಿಗೆಗಳು, ಗೋಡೆಗೆ ಒರಗಿ ಸಿಮೆಂಟ್ ನೆಲದ ಮೇಲೆ ಎರಡು ವಾರ ಬಿದ್ದಿದ್ದವು. ಮೂರನೆಯದು ಹಸಿ ಮರದ ಪ್ಯಾಲೆಟ್‌ಗಳು. ಇದನ್ನು ನಾನೂ ಮೊದಲು ಗಮನಿಸಲಿಲ್ಲ, ಯಾಕೆಂದರೆ ಪ್ಯಾಲೆಟ್ ಮೇಲೆ ಗೋಧಿ ತೆನೆಯ ಮುದ್ರೆಯೂ ಎಚ್‌ಟಿ ಅಕ್ಷರಗಳೂ ಸ್ಪಷ್ಟವಾಗಿದ್ದವು. ಐಎಸ್‌ಪಿಎಂ 15 ನಿಯಮದಂತೆ ಮರದ ತಿರುಳು 56 ಡಿಗ್ರಿಯಲ್ಲಿ 30 ನಿಮಿಷ ಕಾದಿದೆ ಎಂದು ಆ ಮುದ್ರೆಯ ಅರ್ಥ. ಅದು ಹುಳು ಸಾಯುವ ಲೆಕ್ಕ. ಮರ ಒಣಗಿದೆ ಎಂದು ಅದು ಹೇಳುವುದೇ ಇಲ್ಲ. ನಾಲ್ಕನೆಯದು, ಒಳಗೆ ತೇವ ಹೀರುವ ಚೀಲ ಒಂದೂ ಇರಲಿಲ್ಲ. ಗೋಡೆಗೆ ಕ್ರಾಫ್ಟ್ ಕಾಗದವೂ ಇರಲಿಲ್ಲ.

ಕೊಲ್ಲಿಯ ಹನ್ನೆರಡು ದಿನದ ದಾರಿ ಬಿಸಿಯಿಂದ ಬಿಸಿಗೆ. ಅಲ್ಲಿ ಈ ನಾಲ್ಕು ಕೊರತೆಗಳೂ ಬಯಲಾಗಿರಲಿಲ್ಲ.

ವಿಮೆ ಯಾಕೆ ಬರಲಿಲ್ಲ

ಸಿಐಎಫ್‌ನಲ್ಲಿ ವಿಮೆ ಮಾಡಿಸುವವರು ಮಾರುವವರಾದರೂ ಅದರ ಪ್ರಯೋಜನ ಕೊಳ್ಳುವವರಿಗೆ. ಆಮದುದಾರರು ಕ್ಲೇಮ್ ಹಾಕಿದರು, ತಿರಸ್ಕಾರವಾಯಿತು. ಏಜೆಂಟರು ಕೊಡಿಸಿದ್ದು ಇನ್‌ಸ್ಟಿಟ್ಯೂಟ್ ಕಾರ್ಗೋ ಕ್ಲಾಜಸ್ ಸಿ, ಸರಕು ವಿಮೆಯ ಸಿದ್ಧ ಷರತ್ತುಗಳಲ್ಲಿ ಕೆಳಗಿನ ಮಟ್ಟದ್ದು. ಬೆಂಕಿ, ಸ್ಫೋಟ, ಹಡಗು ಮುಳುಗುವುದು, ಡಿಕ್ಕಿ, ಇಂಥ ಪಟ್ಟಿ ಮಾಡಿದ ದುರಂತಗಳಿಗೆ ಮಾತ್ರ ಅದು ರಕ್ಷಣೆ ಕೊಡುತ್ತದೆ. ಬೆವರಿ ಒದ್ದೆಯಾದದ್ದು ಆ ಪಟ್ಟಿಯಲ್ಲಿ ಇಲ್ಲ. ಏಜೆಂಟರು ಮೋಸ ಮಾಡಿದರು ಎಂದು ಮಗ ಸಿಟ್ಟಾದರು. ಹಾಗೆ ಹೇಳಲು ಬರುವುದಿಲ್ಲ. ಬೇರೆ ಮಾತಾಗದಿದ್ದರೆ ಸಿಐಎಫ್‌ನಲ್ಲಿ ಮಾರುವವರು ಕೊಡಬೇಕಾದ ಕನಿಷ್ಠ ರಕ್ಷಣೆಯೇ ಸಿ, ಮೊತ್ತ ಒಪ್ಪಂದದ ಬೆಲೆಯ ಶೇ 110. ಎಲ್ಲ ಅಪಾಯಗಳಿಗೂ ಚಾಚುವ ಎ ಮಟ್ಟ ತೆಗೆದುಕೊಂಡಿದ್ದರೆ ಕಂತು ಕೆಲವೇ ಸಾವಿರ ರೂಪಾಯಿ ಹೆಚ್ಚಾಗುತ್ತಿತ್ತು. ಆದರೆ ಎ ಇದ್ದಿದ್ದರೆ ಹಣ ಬಂದೇ ಬರುತ್ತಿತ್ತು ಎಂದೂ ನಾನು ಹೇಳಲಾರೆ. ಸಾಕಾಗದ ಪ್ಯಾಕಿಂಗ್, ಮಾಲಿನ ಹುಟ್ಟುಗುಣ, ವಿಳಂಬ, ಈ ಮೂರನ್ನೂ ಎ ಕೂಡ ಹೊರಗಿಟ್ಟಿದೆ.

ಶಿಪ್ಪಿಂಗ್ ಲೈನ್ ಮೇಲಿನ ದಾವೆಯೂ ಹೀಗೆಯೇ ಕುಸಿಯಿತು. ಪ್ಯಾಕಿಂಗ್ ಕೊರತೆ ಮತ್ತು ಮಾಲಿನ ಹುಟ್ಟುಗುಣ ಹಡಗಿನವರಿಗೂ ಕಾನೂನು ಕೊಟ್ಟಿರುವ ಗುರಾಣಿಗಳು.

ಒಪ್ಪಂದಕ್ಕೆ ಬಂದ ಬಗೆ

ಮೂರು ವಾರ ಮೇಲ್‌ಗಳು ಓಡಾಡಿದವು. ನಾವು ಸರ್ವೆ ವರದಿಯನ್ನೂ ಸ್ಟಫಿಂಗ್ ಫೋಟೋಗಳನ್ನೂ ಬಚ್ಚಿಡದೆ ಕಳಿಸಿದೆವು. ತಪ್ಪು ಎಷ್ಟು ನಮ್ಮದು, ದಾರಿ ಉದ್ದವಾದದ್ದರ ಪಾಲು ಎಷ್ಟು ಎಂದು ಬರೆದೆವು. ಹೊಣೆ ಎಲ್ಲಿ ದಾಟುತ್ತದೆ ಎಂಬುದನ್ನೂ ವಿವರಿಸಿದೆವು. ಆಗ ಆಮದುದಾರರು ಬರೆದ ಒಂದು ಸಾಲು ಮನೆಯವರಿಗೆ ಇಂದಿಗೂ ನೆನಪಿದೆ: ಜನವರಿಯಲ್ಲಿ ಹಡಗು ತಪ್ಪಿದ ವಿಷಯ ನೀವಾಗಿಯೇ ತಿಳಿಸಿದ್ದಿರಿ, ನಾನು ಪರೀಕ್ಷಿಸಿ ನೋಡಿದ್ದೆ, ಅದು ನಿಜವಾಗಿತ್ತು. ಹಿಂದಿನ ತಾರೀಕಿನ ಬಿಎಲ್ ಆಗಿದ್ದರೆ ಈ ಮಾತುಕತೆಯೇ ನಡೆಯುತ್ತಿರಲಿಲ್ಲ. ನೇರ ವಕೀಲರ ನೋಟಿಸ್ ಬರುತ್ತಿತ್ತು.

ಶೇ 40 ಕೊನೆಗೆ ಶೇ 15ಕ್ಕೆ ಇಳಿಯಿತು. ಒಣಗಿದ್ದ ಪೆಟ್ಟಿಗೆಗಳನ್ನು ಅವರು ಯುಗಾದಿಗೆ ಮಾರಿಕೊಂಡರು.

ಆ ಶೇ 15ನ್ನು, ಅಂದರೆ ಸುಮಾರು 2,800 ಡಾಲರನ್ನು, ಕೊಡುವುದು ಹೇಗೆ? "ಮುಂದಿನ ಲೋಡಿನ ಇನ್‌ವಾಯ್ಸ್‌ನಲ್ಲಿ ಅಷ್ಟು ಕಡಿಮೆ ಬರೆದ್ರಾಯ್ತು" ಎಂದರು ಮಗ. ತುಂಬ ಜನ ಹೀಗೇ ಮಾಡುತ್ತಾರೆ. ಅದು ಕಸ್ಟಮ್ಸ್ ಮುಂದೆ ಸುಳ್ಳು ಮೌಲ್ಯ ಹೇಳಿದಂತೆ, ವಿದೇಶಿ ವಿನಿಮಯದ ಲೆಕ್ಕದಲ್ಲೂ ಬಿರುಕು. ಸರಿಯಾದ ದಾರಿ ಇದೆ. ರಫ್ತಿನ ಪೂರ್ತಿ ಹಣ ದೇಶಕ್ಕೆ ಬಂದಾಗಿದ್ದರೆ, ರಫ್ತು ಕ್ಲೇಮ್ ಎಂದು ಬ್ಯಾಂಕಿಗೆ ಅರ್ಜಿ ಹಾಕಿ, ಸರ್ವೆ ವರದಿ ಮತ್ತು ಪತ್ರವ್ಯವಹಾರ ಲಗತ್ತಿಸಿ ಹಣ ಕಳಿಸಬಹುದು. ಆ ಮೊತ್ತಕ್ಕೆ ತಕ್ಕಷ್ಟು ರಫ್ತು ಪ್ರೋತ್ಸಾಹಧನ ಪಡೆದಿದ್ದರೆ ಹಿಂದಿರುಗಿಸಬೇಕು. ಎರಡು ಸಲ ಮೈಸೂರಿನ ಶಾಖೆಗೆ ಓಡಾಡಿ, ಜೂನ್‌ನಲ್ಲಿ ಹಣ ಹೋಯಿತು.

ಹೆಚ್ಚಿನ ಬಾಡಿಗೆಯೂ ಸೇರಿ ಆ ಒಂದು ಕಂಟೇನರ್‌ನಲ್ಲಿ ಮನೆಗೆ ಬಿದ್ದ ಹೊರೆ ನಾಲ್ಕೂವರೆ ಸಾವಿರ ಡಾಲರ್‌ಗೆ ಹತ್ತಿರ. ಗಾಣಕ್ಕೆ ಹೊಸ ಮೋಟಾರು ಹಾಕುವ ಯೋಚನೆಯನ್ನು ಒಂದು ವರ್ಷ ಮುಂದೂಡಿದರು.

ಎರಡನೇ ಲೋಡು

ಅದೇ ಆಮದುದಾರರಿಂದ 2024ರ ಸೆಪ್ಟೆಂಬರ್‌ನಲ್ಲಿ ಮತ್ತೆ ಮೇಲ್ ಬಂತು, ಈ ಸಲ ಸಂಕ್ರಾಂತಿಗೆ. ಮನೆಯಲ್ಲಿ ಎಲ್ಲರೂ ಸುತ್ತ ಕುಳಿತು ಒಪ್ಪಂದವನ್ನು ಸಾಲು ಸಾಲಾಗಿ ಓದಿದರು. ನಾನು ಎಫ್‌ಸಿಎ ಸೂಚಿಸಿದೆ. ಆಮದುದಾರರು ಒಪ್ಪಲಿಲ್ಲ; ಒಂದು ಕಂಟೇನರ್‌ಗಾಗಿ ಭಾರತದಲ್ಲಿ ಲೈನ್ ಹುಡುಕುವುದು ತಮಗೆ ತಲೆನೋವು ಎಂದರು. ಅದು ನ್ಯಾಯವೇ. ಕೊನೆಗೆ ನಿಂತದ್ದು "ಸಿಐಪಿ ಫೆಲಿಕ್ಸ್‌ಟೋ, ಇನ್‌ಕೋಟರ್ಮ್ಸ್ 2020" ಎಂಬಲ್ಲಿ. ಮಾಲನ್ನು ಬೆಂಗಳೂರಿನ ವೈಟ್‌ಫೀಲ್ಡ್ ಒಳನಾಡು ಕಂಟೇನರ್ ಡಿಪೋದಲ್ಲಿ ಸಾಗಣೆದಾರರಿಗೆ ಒಪ್ಪಿಸಿದಾಗಲೇ ಹೊಣೆ ದಾಟುತ್ತದೆ ಎಂದು ಜಾಗದ ಹೆಸರು ಸಹಿತ ಬರೆದೆವು. ಬಂದರಿನ ಅಂಗಳದಲ್ಲಿ ನಿಲ್ಲುವ ದಿನಗಳ ಚಿಂತೆ ಅಲ್ಲಿಗೆ ಕಳೆಯಿತು. ಎಲ್‌ಸಿಯಲ್ಲೂ ಅದಕ್ಕೆ ಹೊಂದುವಂತೆ ಬಹುವಿಧ ಸಾರಿಗೆಯ ದಾಖಲೆ ಸಾಕು ಎಂದು ಬರೆಸಿದೆವು; ಈ ಹೊಂದಾಣಿಕೆಯನ್ನು ಮರೆತರೆ ಷರತ್ತು ಒಂದು ದಾರಿ, ಬ್ಯಾಂಕ್ ಒಂದು ದಾರಿ ಆಗಿಬಿಡುತ್ತದೆ. ಸಿಐಪಿಯಲ್ಲಿ 2020ರಿಂದ ಕನಿಷ್ಠ ವಿಮೆಯೇ ಎ ಮಟ್ಟದ್ದು. ಯುದ್ಧದ ಅಪಾಯದ ಕಲಮನ್ನು ಬೇರೆಯಾಗಿ ಸೇರಿಸಿಕೊಂಡರು, ಎ ಕೂಡ ಅದನ್ನು ಒಳಗೊಳ್ಳುವುದಿಲ್ಲ. ಬುಕ್ಕಿಂಗ್ ಆದ ಮೇಲೆ ಲೈನ್ ಹಾಕುವ ಹೊಸ ಸರ್ಚಾರ್ಜ್ ಅರ್ಧರ್ಧ, ಲೈನ್‌ನ ಬಿಲ್ ತೋರಿಸಿ. ಈ ಸಾಲಿಗಾಗಿ ಒಂದು ವಾರ ಹಗ್ಗಜಗ್ಗಾಟ ನಡೆಯಿತು. ಸೊಸೆ ಬಿಡಲಿಲ್ಲ.

ಶೆಡ್ಡಿನಲ್ಲೂ ಬದಲಾವಣೆಗಳಾದವು. ಕೊಪ್ಪರಿಗೆಗೆ ಥರ್ಮಾಮೀಟರ್ ಬಂತು. ಯಜಮಾನರು ಮೊದಲಿಗೆ ಬೇಸರಪಟ್ಟರು, "ನನ್ ಬೆಳ್ಳು ಸುಳ್ಳು ಹೇಳ್ತದಾ?" ಎಂದು. ಬೆರಳಿನ ಹದಕ್ಕೂ 118ಕ್ಕೂ ಅಂತರವೇ ಇಲ್ಲದ್ದನ್ನು ಕಂಡ ಮೇಲೆ ಅವರಿಗೂ ಸಮಾಧಾನವಾಯಿತು. ತೊಂದರೆ ಇದ್ದದ್ದು ಅವರು ಇಲ್ಲದ ರಾತ್ರಿ ಪಾಳಿಯ ಪಾಕದಲ್ಲಿ. ಪ್ರತಿ ದಿನದ ಬೆಲ್ಲದ ಮಾದರಿ ಮೈಸೂರಿನ ಆಹಾರ ಪ್ರಯೋಗಾಲಯಕ್ಕೆ ಹೋಯಿತು. ತೇವಾಂಶ ಶೇ 5 ಮೀರಿದ ಅಚ್ಚು ಪೆಟ್ಟಿಗೆ ಸೇರಬಾರದೆಂದು ತಾವೇ ಮಿತಿ ಹಾಕಿಕೊಂಡರು. ಮರದ ಪ್ಯಾಲೆಟ್ ಬಿಟ್ಟು ಪ್ಲಾಸ್ಟಿಕ್ ಪ್ಯಾಲೆಟ್ ತಂದರು. ಗೋಡೆಗೂ ಚಾವಣಿಗೂ ಕ್ರಾಫ್ಟ್ ಕಾಗದ, ಕ್ಯಾಲ್ಸಿಯಂ ಕ್ಲೋರೈಡ್ ತುಂಬಿದ ಉದ್ದನೆಯ ಚೀಲಗಳು, ನಡುವಿನ ಸಾಲಿನಲ್ಲಿ ತಾಪ ಮತ್ತು ತೇವ ದಾಖಲಿಸುವ ಒಂದು ಪುಟ್ಟ ಯಂತ್ರ.

ಹಡಗುಗಳು ಆಗಲೂ ಭೂಶಿರವನ್ನೇ ಸುತ್ತುತ್ತಿದ್ದವು. ಡಿಸೆಂಬರ್ ಕೊನೆಯಲ್ಲಿ ಕಂಟೇನರ್ ತಲುಪಿತು. ಬಾಗಿಲ ಬಳಿಯ ಹನ್ನೊಂದು ಪೆಟ್ಟಿಗೆಗಳ ರಟ್ಟು ಮೆತ್ತಗಾಗಿತ್ತು, ಒಳಗಿನ ಬೆಲ್ಲ ಗಟ್ಟಿಯಾಗಿತ್ತು. ಆಮದುದಾರರು ಆ ಹನ್ನೊಂದರ ಫೋಟೋವನ್ನೂ ಕಳಿಸಿದರು, ಹಣ ಕೇಳಲು ಅಲ್ಲ, ಮುಂದಿನ ಸಲ ಬಾಗಿಲಿಗೆ ಇನ್ನೆರಡು ಚೀಲ ಹೆಚ್ಚು ತೂಗುಹಾಕಿ ಎನ್ನಲು. ಸೊಸೆ ಆ ಫೋಟೋವನ್ನು ಮುದ್ರಿಸಿ ಶೆಡ್ಡಿನ ಗೋಡೆಗೆ, ಲೋಡು ತುಂಬುವ ಹುಡುಗರ ಕಣ್ಣಿಗೆ ಬೀಳುವ ಜಾಗದಲ್ಲಿ ಅಂಟಿಸಿದ್ದಾರೆ.